ತಲೆಮೇಲೆ ಅಂಗಡಿ ಹೊತ್ತ ಗಳಗನಾಥರು

ಔರಾದ ಬಸ್ ನಿಲ್ದಾಣದಲ್ಲಿ ಇಳಿದು ಚಹಾ ಕೇಳಿದರೆ ಎರಡು ನಿಮಿಷಕ್ಕೆ ಕೈಗೆ ಬರುತ್ತದೆ. ಬಾಳೆಹಣ್ಣು ಸಿಗುತ್ತದೆ, ಮೊಬೈಲಿಗೆ ರಿಚಾರ್ಜ್ ಸಿಗುತ್ತದೆ, ಮಕ್ಕಳ ನೋಟ್‌ಬುಕ್ಕು, ಹತ್ತನೇ ಕ್ಲಾಸಿನ ಗೈಡೂ ಸಿಗುತ್ತದೆ. ಆದರೆ ಒಂದು ಕನ್ನಡ ಕಾದಂಬರಿ ಕೇಳಿ ನೋಡಿ. ಅಂಗಡಿಕಾರ ಒಂದು ಸಲ ಮುಖ ನೋಡುತ್ತಾನೆ, ಬೀದರಿಗೆ ಹೋಗಿ ಕೇಳ್ರಿ ಅಂತಾನೆ. ಬೀದರಿಗೆ ಹೋದರೂ ಬೇಕಾದದ್ದು ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಕಲಬುರಗಿ.

ಅಂಗಡಿಕಾರನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ. ಅವನ ಲೆಕ್ಕ ಅವನಿಗಿದೆ. ಗೈಡು ಜೂನ್ ತಿಂಗಳಲ್ಲಿ ಬಂದು ಜುಲೈನಲ್ಲಿ ಖಾಲಿ ಆಗುತ್ತದೆ. ಕಾದಂಬರಿ ಬಂದರೆ ವರ್ಷಗಟ್ಟಲೆ ಧೂಳು ತಿನ್ನುತ್ತ ಕೂಡುತ್ತದೆ. ಹಾಕಿದ ರೊಕ್ಕ ಕಪಾಟಿನಲ್ಲೇ ಸಿಕ್ಕಿಬೀಳುತ್ತದೆ. ಗಿರಾಕಿ ಇಲ್ಲದ ಮಾಲು ಯಾರು ತರುತ್ತಾರೆ? ಮಾಲು ಇಲ್ಲದ ಅಂಗಡಿಗೆ ಗಿರಾಕಿ ಯಾಕೆ ಬರುತ್ತಾನೆ? ಮೊದಲು ಯಾರು ಹೆಜ್ಜೆ ಇಡಬೇಕು ಅನ್ನುವುದೇ ಜಗಳ.

ಈ ಜಗಳ ಹೊಸದಲ್ಲ. ನೂರು ವರ್ಷದ ಹಿಂದೆ ಧಾರವಾಡ ಸೀಮೆಯಲ್ಲಿ ಇದೇ ಮಾತಿತ್ತು. ಕನ್ನಡ ಪುಸ್ತಕ ಕೊಳ್ಳುವವರಿಲ್ಲ, ಆದ್ದರಿಂದ ಮಾರುವವರಿಲ್ಲ, ಆದ್ದರಿಂದ ಬರೆಯುವವರೂ ಇಲ್ಲ. ಆಗ ಒಬ್ಬ ಮನುಷ್ಯ ತಾನೇ ಬರೆದ, ತಾನೇ ಅಚ್ಚು ಹಾಕಿಸಿದ, ಕಡೆಗೆ ಪುಸ್ತಕದ ಗಂಟನ್ನು ತಾನೇ ತಲೆಮೇಲೆ ಇಟ್ಟುಕೊಂಡು ಊರೂರು ತಿರುಗಿ ಮಾರಿದ. ಅವರೇ ಗಳಗನಾಥರು. ಕನ್ನಡ ಕಾದಂಬರಿಯ ಪಿತಾಮಹ ಎಂದು ನಾಡು ಅವರನ್ನು ಕರೆಯುತ್ತದೆ. ಕನ್ನಡ ಪುಸ್ತಕ ವ್ಯಾಪಾರದ ಹಿರಿಯರೂ ಅವರೇ ಎಂಬುದನ್ನು ಅಂಗಡಿ ಇಟ್ಟುಕೊಂಡವರು ತಿಳಿಯಬೇಕು.

ಎರಡು ಹೊಳೆ ಕೂಡುವಲ್ಲಿ ಹುಟ್ಟಿದ ಹುಡುಗ

ಅವರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರ ಜನವರಿ 5ರಂದು, ಗಳಗನಾಥ ಎಂಬ ಹಳ್ಳಿಯಲ್ಲಿ. ವರದಾ ನದಿ ಬಂದು ತುಂಗಭದ್ರೆಗೆ ಕೂಡುವ ಜಾಗ ಅದು. ದಂಡೆಯ ಮೇಲೆ ಗಳಗೇಶ್ವರನ ಹಳೇ ಕಲ್ಲಿನ ಗುಡಿ ಇದೆ. ಊರು ಈಗ ಹಾವೇರಿ ಜಿಲ್ಲೆಯಲ್ಲಿದೆ. ಆಗ ಮುಂಬಯಿ ಸರಕಾರದ ಕೈಕೆಳಗಿನ ಧಾರವಾಡ ಜಿಲ್ಲೆ. ಊರಿನ ಹೆಸರೇ ಮುಂದೆ ಅವರ ಕಾವ್ಯನಾಮವಾಯಿತು. ವೆಂಕಟೇಶ ಕುಲಕರ್ಣಿ ಅಂದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಗಳಗನಾಥರು ಅಂದರೆ ಗೊತ್ತಾಗುತ್ತದೆ.

ಕುಲಕರ್ಣಿ ಮನೆತನ ಅಂದರೆ ಹಳ್ಳಿಯಲ್ಲಿ ಲೆಕ್ಕಪತ್ರ ಇಡುವ ಮನೆತನ, ನಾಲ್ಕು ಜನ ನಮಸ್ಕಾರ ಮಾಡುವ ಮನೆತನ. ಹುಡುಗ ಕಲಿತ, ಧಾರವಾಡದಲ್ಲಿ ಮಾಸ್ತರ ತರಬೇತಿ ಪಡೆದ, ಕನ್ನಡ ಸಾಲೆಯ ಮಾಸ್ತರನಾದ. ತಿಂಗಳಿಗೆ ಪಗಾರ ಇತ್ತು. ತಲೆಮೇಲೆ ಗಂಟು ಹೊರುವ ಯಾವ ಕಾರಣವೂ ಇರಲಿಲ್ಲ.

ಆದರೆ ಆ ಕಾಲದ ಹವಾ ತಿಳಿಯಬೇಕು. ಧಾರವಾಡ ಸೀಮೆ ಕನ್ನಡ ಸೀಮೆಯೇ ಹೌದು. ಆದರೂ ಕಲಿತವರ ಬಾಯಲ್ಲಿ, ಕೈಯಲ್ಲಿ ಮರಾಠಿಯೇ. ಕಥೆ ಓದಬೇಕೆಂದರೆ ಮರಾಠಿ ಪುಸ್ತಕ, ಸುದ್ದಿ ಓದಬೇಕೆಂದರೆ ಮರಾಠಿ ಪತ್ರಿಕೆ. ಪುಣೆಯಿಂದ, ಮುಂಬಯಿಯಿಂದ ಪುಸ್ತಕ ಬರುತ್ತಿದ್ದವು. ಕನ್ನಡದಲ್ಲಿ ಓದಲಿಕ್ಕೆ ಏನದ ಎಂಬ ತಾತ್ಸಾರ ಮನೆಮನೆಯಲ್ಲಿತ್ತು. ಈ ತಾತ್ಸಾರ ಕಳೆಯಲೆಂದೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಸಂಘ ಕನ್ನಡದಲ್ಲಿ ಪುಸ್ತಕ ಬರೆಸಿತು, ಬರೆದವರಿಗೆ ಬಹುಮಾನ ಕೊಟ್ಟಿತು.

ಹಳ್ಳಿ ಸಾಲೆಯ ಮಾಸ್ತರರು ಬರೆದ ಪ್ರಬುದ್ಧ ಪದ್ಮನಯನೆ ಎಂಬ ಕಾದಂಬರಿಗೂ ಸಂಘದ ಬಹುಮಾನ ಬಂತು. ಅದು ಹೊರಬಂದದ್ದು 1898ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೇಳುವ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಮಂಗಳೂರಿನಲ್ಲಿ ಬಂದದ್ದು ಅದರ ಮರುವರ್ಷ, 1899ರಲ್ಲಿ. ಅಂದರೆ ಕನ್ನಡದಲ್ಲಿ ಕಾದಂಬರಿ ಎಂಬ ಮಾಲು ಆಗಿನ್ನೂ ಪೇಟೆಗೆ ಹೊಸದು. ಮೊದಲ ಪುಸ್ತಕ ಬಂದಾಗ ಮಾಸ್ತರರ ವಯಸ್ಸು 29.

ಮಾಸ್ತರಿಕೆ ಬಿಟ್ಟು ಮಾಸಿಕಕ್ಕೆ

ಪುಸ್ತಕ ಬರೆದರೆ ಆಯಿತೆ? ಓದುವವನ ಕೈಗೆ ಅದು ಮುಟ್ಟಬೇಕಲ್ಲ. ಮುಟ್ಟಿಸುವ ಹಾದಿ ಯಾವುದು? ಗಳಗನಾಥರು ಮೊದಲು ಹಿಡಿದದ್ದು ಮಾಸಪತ್ರಿಕೆಯ ಹಾದಿ. ಹಾವೇರಿ ಹತ್ತಿರದ ಅಗಡಿಯಲ್ಲಿ ಆನಂದವನ ಎಂಬ ಆಶ್ರಮವಿದೆ. ಅಲ್ಲಿಯ ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ 1907ರಲ್ಲಿ ಸದ್ಬೋಧ ಚಂದ್ರಿಕೆ ಎಂಬ ಮಾಸಿಕ ಶುರುವಾಯಿತು. ಅದರ ಹೊಣೆ ಹೊತ್ತವರು ಗಳಗನಾಥರು. ಸರಕಾರಿ ಮಾಸ್ತರಿಕೆ ಬಿಟ್ಟರು. ತಿಂಗಳ ಪಗಾರ ಹೋಯಿತು, ತಿಂಗಳ ಸಂಚಿಕೆ ಬಂತು.

ವ್ಯಾಪಾರಸ್ಥರಿಗೆ ಈ ಯುಕ್ತಿ ಥಟ್ಟನೆ ತಿಳಿಯುತ್ತದೆ. ಕಾದಂಬರಿಯನ್ನು ಒಮ್ಮೆಲೇ ಪುಸ್ತಕ ಮಾಡಿದರೆ ಪೂರ್ಣ ಖರ್ಚು ಮೊದಲೇ ಹಾಕಬೇಕು, ಹೋದೀತೋ ಇಲ್ಲವೋ ಎಂದು ಕಾಯಬೇಕು. ಅದೇ ಕಾದಂಬರಿಯನ್ನು ತಿಂಗಳು ತಿಂಗಳು ಸ್ವಲ್ಪ ಸ್ವಲ್ಪ ಕೊಟ್ಟರೆ? ಚಂದಾದಾರ ವರ್ಷದ ಚಂದಾ ಮುಂಗಡ ಕೊಡುತ್ತಾನೆ. ಮುಂದಿನ ತಿಂಗಳು ಕಥೆ ಏನಾಯಿತು ಎಂಬ ಕುತೂಹಲಕ್ಕೆ ಟಪಾಲು ಕಾಯುತ್ತಾನೆ. ಟಪಾಲಿನವನೇ ಪುಸ್ತಕದ ಅಂಗಡಿ ಆಗುತ್ತಾನೆ. ಹಳ್ಳಿಗೆ ಅಂಗಡಿ ಇಲ್ಲದಿದ್ದರೂ ಟಪಾಲು ಇತ್ತು.

ಸದ್ಬೋಧ ಚಂದ್ರಿಕೆಗೆ ಸಾವಿರಾರು ಚಂದಾದಾರರಾದರು. ಆ ಕಾಲದ ಕನ್ನಡ ಪತ್ರಿಕೆಗೆ ಇದು ದೊಡ್ಡ ಮಾತು. ಒಂದು ಸಂಚಿಕೆ ಒಂದು ಮನೆಗೆ ಬಂದರೆ ಓದುವವರು ಒಬ್ಬರೇ ಅಲ್ಲ. ಓದು ಬಲ್ಲವನೊಬ್ಬ ಕಟ್ಟೆಯ ಮೇಲೆ ಕೂತು ಓದಿದರೆ ಅಕ್ಷರ ಬಾರದವರು ಸುತ್ತ ಕೂತು ಕೇಳುವ ಕಾಲ ಅದು. ಪುರಾಣ ಕೇಳಿದ ಕಿವಿಗೆ ಗಳಗನಾಥರ ಕನ್ನಡ ಹೊಂದಿಕೊಂಡಿತು. ಭಾರವಾದ ಶಬ್ದದ ಆಡಂಬರ ಬಿಟ್ಟು, ಮನೆಯ ಹೆಣ್ಣುಮಕ್ಕಳಿಗೂ ತಿಳಿಯುವಂತೆ ಅವರು ಬರೆದರು.

ಮರಾಠಿಯ ಪುಸ್ತಕಕ್ಕೆ ಪ್ರತಿಯಾಗಿ ಅವರು ಮಾಡಿದ್ದು ಮರಾಠಿಯ ಮೇಲೆ ಜಗಳವಲ್ಲ. ಇದು ಔರಾದ, ಭಾಲ್ಕಿಯವರು ಲಕ್ಷ್ಯ ಕೊಡಬೇಕಾದ ಮಾತು. ಮರಾಠಿಯ ದೊಡ್ಡ ಕಾದಂಬರಿಕಾರ ಹರಿ ನಾರಾಯಣ ಆಪಟೆಯವರ ಪುಸ್ತಕಗಳನ್ನೇ ತೆಗೆದುಕೊಂಡು ಕನ್ನಡಕ್ಕೆ ತಂದರು. ಒಳ್ಳೆಯ ಕಥೆ ಬೇಕೆಂದು ಮರಾಠಿಗೆ ಹೋಗುವವನಿಗೆ ಅದೇ ಕಥೆಯನ್ನು ಅವನ ಮನೆಮಾತಿನಲ್ಲೇ ಕೊಟ್ಟರು. ಗಿರಾಕಿಯನ್ನು ಬೈದು ತಿರುಗಿಸಿಕೊಂಡವರುಂಟೆ? ಅವನಿಗೆ ಬೇಕಾದ ಮಾಲನ್ನು ತಂದಿಟ್ಟು ತಿರುಗಿಸಿಕೊಂಡರು. ಹೀಗೆ ಅನುವಾದ, ಸ್ವತಂತ್ರ ಎರಡೂ ಸೇರಿ 20ಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರಾಣದ ಕಥೆ, ಚರಿತ್ರೆ, ಪ್ರಬಂಧ ಬೇರೆ.

ಬೀದರ ಬಾದಶಹನೂ ಆ ಗಂಟಿನಲ್ಲಿ

ಅವರು ಆಪಟೆಯವರಿಂದ ತಂದ ಒಂದು ಕಾದಂಬರಿಯ ಹೆಸರು ಕನ್ನಡಿಗರ ಕರ್ಮಕಥೆ. ವಿಜಯನಗರ ಬಿದ್ದ ಕಥೆ ಅದು. 1565ರ ಆ ಯುದ್ಧದಲ್ಲಿ ರಾಮರಾಯನ ಮೇಲೆ ದಂಡೆತ್ತಿ ಹೋದ ಸುಲ್ತಾನರಲ್ಲಿ ಬೀದರಿನ ಅಲಿ ಬರೀದಶಹನೂ ಒಬ್ಬ. ಅವನ ಗುಂಬಜ್ ಬೀದರಿನಲ್ಲಿ ಉದಗೀರ ರಸ್ತೆಯ ಕಡೆ ಈಗಲೂ ನಿಂತಿದೆ. ದಿನಾ ಬಸ್ಸಿನಲ್ಲಿ ಅದರ ಹತ್ತಿರ ಹಾಯುವ ಎಷ್ಟು ಜನಕ್ಕೆ ಹಂಪಿಯ ಹಾಳಿಗೂ ಆ ಗುಂಬಜಿಗೂ ಇರುವ ನಂಟು ಗೊತ್ತು?

ಗಳಗನಾಥರ ಓದುಗರಿಗೆ ವಿಜಯನಗರದ ಕಥೆ ಗೊತ್ತಾಯಿತು. 1923ರಲ್ಲಿ ಬಂದ ಮಾಧವ ಕರುಣಾ ವಿಲಾಸ ಎಂಬ ಸ್ವತಂತ್ರ ಕಾದಂಬರಿಯಲ್ಲಿ ಅದೇ ವಿಜಯನಗರ ಹುಟ್ಟಿದ ಕಥೆ ಹೇಳಿದರು. ಕನ್ನಡ ನಾಡು ಆಗ ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು ಎಂದು ಹರಿದು ಹಂಚಿಹೋಗಿತ್ತು. ಇವೆಲ್ಲ ಒಂದೇ ನಾಡು ಎಂಬ ಮಾತನ್ನು ಸಭೆಯಲ್ಲಿ ಹೇಳಿದವರು ಹಲವರು. ಗಳಗನಾಥರು ಅದನ್ನು ಕಥೆ ಮಾಡಿ ಮನೆಯೊಳಗೆ ಕಳಿಸಿದರು.

ಗಂಟು ತಲೆಗೇರಿದ ಬಗೆ

ಇಷ್ಟೆಲ್ಲ ಕೇಳಿದರೆ ಗಳಗನಾಥರು ಸುಖವಾಗಿದ್ದರು ಅನಿಸಬಹುದು. ಹಾಗಾಗಲಿಲ್ಲ. ಅಗಡಿಯ ನಂಟು ಕಡೆತನಕ ಉಳಿಯಲಿಲ್ಲ. ಅಲ್ಲಿಂದ ಹೊರಬಂದು ಸದ್ಗುರು ಎಂಬ ಬೇರೆ ಮಾಸಿಕ ತೆಗೆದರು. ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಇಲ್ಲಿಂದ ಕಷ್ಟದ ದಾರಿ.

ಬರೆಯುವವನೇ ಪ್ರಕಾಶಕನಾದರೆ ಲೆಕ್ಕ ಹ್ಯಾಂಗ ನಡೆಯುತ್ತದೆ ನೋಡಿ. ಕಾಗದಕ್ಕೆ ರೊಕ್ಕ ಮೊದಲು ಕೊಡಬೇಕು. ಮೊಳೆ ಜೋಡಿಸುವವನಿಗೆ, ಅಚ್ಚು ಹೊಡೆಯುವವನಿಗೆ, ರಟ್ಟು ಕಟ್ಟುವವನಿಗೆ ಮೊದಲು ಕೊಡಬೇಕು. ಪುಸ್ತಕ ತಯಾರಾಗಿ ಮನೆಗೆ ಬಂದ ದಿನ ಕೈ ಖಾಲಿ, ಮನೆ ತುಂಬಾ ಕಾಗದ. ಒಂದೊಂದು ಪ್ರತಿ ಹೋದ ಹಾಗೆ ಒಂದೊಂದು ಕಾಸು ತಿರುಗಿ ಬರಬೇಕು. ಅಂಗಡಿಗೆ ಕೊಟ್ಟರೆ ಕಮಿಷನ್ ಹೋಗುತ್ತದೆ, ಉಳಿದದ್ದು ಉದ್ರಿ. ಉದ್ರಿ ವಸೂಲಿಗೆ ಅಲೆದಾಟ ಬೇರೆ. ಅಷ್ಟರಲ್ಲಿ ಮಳೆಗಾಲ ಬರುತ್ತದೆ, ಗೆದ್ದಲು ಬರುತ್ತದೆ, ಸಾಲಗಾರನೂ ಬರುತ್ತಾನೆ. ಕಿರಾಣಿ ಅಂಗಡಿಯವನಾದರೆ ಉಳಿದ ಅಕ್ಕಿ ಬೇಳೆಯನ್ನು ಮನೆಯಲ್ಲಿ ಬೇಯಿಸಿ ಉಣ್ಣಬಹುದು. ಉಳಿದ ಪುಸ್ತಕ ಬೇಯುವುದಿಲ್ಲ.

ಅಂಗಡಿ ಇಲ್ಲ, ಏಜೆಂಟ ಇಲ್ಲ, ಕೈಯಲ್ಲಿ ಬಂಡವಾಳವೂ ಇಲ್ಲ. ಉಳಿದದ್ದು ಎರಡು ಕಾಲು, ಒಂದು ತಲೆ. ಪುಸ್ತಕ ಗಂಟು ಕಟ್ಟಿದರು, ತಲೆಮೇಲೆ ಇಟ್ಟುಕೊಂಡರು, ಹೊರಟರು. ಒಂದು ಊರಾದ ಮೇಲೆ ಇನ್ನೊಂದು ಊರು, ಮನೆಯಿಂದ ಮನೆಗೆ. ತಮ್ಮ ಸೀಮೆ ಮಾತ್ರವಲ್ಲ, ದೂರದ ಮೈಸೂರು ಸೀಮೆಯ ತನಕ ಗಂಟು ಹೋಯಿತು. ಚಿಕ್ಕ ವಯಸ್ಸಿನ ಹುರುಪಿನಲ್ಲಿ ಮಾಡಿದ್ದಲ್ಲ ಇದು. ತಲೆ ಬೆಳ್ಳಗಾದ ಮೇಲೂ ನಡೆದರು.

ಆ ಕಾಲದಲ್ಲಿ ಕುಲಕರ್ಣಿ ಮನೆತನದವ, ಮಾಸ್ತರಿಕೆ ಮಾಡಿದವ, ನಾಡೆಲ್ಲ ಹೆಸರಾದ ಲೇಖಕ, ತಲೆಮೇಲೆ ಹೊರೆ ಹೊತ್ತು ಬಾಗಿಲಿಗೆ ಬಂದು ನಿಲ್ಲುವುದು ಸಣ್ಣ ಮಾತಲ್ಲ. ಹೊರೆ ಹೊರುವವರ ಜಾತಿ ಬೇರೆ, ಓದುವವರ ಜಾತಿ ಬೇರೆ ಎಂದು ಸಮಾಜ ಗೆರೆ ಹೊಡೆದ ಕಾಲ. ಅಂಥದರಲ್ಲಿ ತಮ್ಮ ಮಾಲನ್ನು ತಾವೇ ಹೊರಲು ಗಳಗನಾಥರು ನಾಚಲಿಲ್ಲ. ಅದರ ಹಿಂದೆ ಧ್ಯೇಯವೂ ಇತ್ತು, ಹೊಟ್ಟೆಪಾಡೂ ಇತ್ತು. ಎರಡನ್ನೂ ಹೇಳಬೇಕು. ಬರೀ ಧ್ಯೇಯ ಎಂದು ಹೂವಿನ ಹಾರ ಹಾಕಿದರೆ ಅವರ ಕಾಲಿನ ನೋವು ಮರೆತುಹೋಗುತ್ತದೆ. ಬರೀ ಹೊಟ್ಟೆಪಾಡು ಅಂದರೆ ಅದೂ ತಪ್ಪು. ಹೊಟ್ಟೆಗಾಗಿಯೇ ಆಗಿದ್ದರೆ ಮಾಸ್ತರಿಕೆ ಬಿಡುವ ಅಗತ್ಯವೇ ಇರಲಿಲ್ಲ.

ಮನೆಮನೆಗೆ ಹೋದದ್ದರಿಂದ ಒಂದು ಲಾಭ ಮಾತ್ರ ಆಯಿತು, ಅದು ರೊಕ್ಕದ ಲಾಭವಲ್ಲ. ಆ ಕಾಲದ ಹೆಣ್ಣುಮಕ್ಕಳು ಪೇಟೆಗೆ ಹೋಗಿ ಪುಸ್ತಕ ಕೇಳುವುದು ಎಲ್ಲಿಂದ ಬಂತು? ಪುಸ್ತಕವೇ ಹೊಸ್ತಿಲಿಗೆ ಬಂದರೆ ಮಾತ್ರ ಓದು. ಹಳ್ಳಿಯ ಗೌಡ, ಶಾನುಭೋಗ, ಮಾಸ್ತರ, ಅಂಗಡಿ ಶೆಟ್ಟಿ ಇವರೆಲ್ಲ ಕನ್ನಡ ಕಾದಂಬರಿ ಎಂಬುದನ್ನು ಕಂಡದ್ದು ಹೀಗೆ. ಮುಂದೆ ಬಂದ ಕಾದಂಬರಿಕಾರರಿಗೆ ಓದುಗರು ಸಿದ್ಧವಾಗಿ ಸಿಕ್ಕರು. ಆ ಹೊಲ ಹರಗಿದವರು ಗಳಗನಾಥರು. ಬೆಳೆ ಬಂದಾಗ ಅವರಿರಲಿಲ್ಲ. 1942ರ ಏಪ್ರಿಲ್ 22ರಂದು ತೀರಿಕೊಂಡರು. ಆಗ ಅವರಿಗೆ 73 ವರ್ಷ.

ಅವರ ಹಿಂದೆ ಬಂದ ಅಂಗಡಿಗಳು

ಗಳಗನಾಥರು ಇನ್ನೂ ಇದ್ದಾಗಲೇ, 1933ರಲ್ಲಿ, ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರು ಮಾಡಿದರು. ಅಲ್ಲಿಯೂ ಚಂದಾದಾರರೇ ಆಧಾರ. ಮೊದಲು ಚಂದಾ, ಆಮೇಲೆ ಪುಸ್ತಕ. ಧಾರವಾಡದ ಸುಭಾಸ ರಸ್ತೆಯ ಅವರ ಅಟ್ಟ ಬರಹಗಾರರು ಕೂಡುವ ಜಾಗವಾಯಿತು. ಬೆಂಗಳೂರಿನಲ್ಲಿ 1967ರಲ್ಲಿ ಸಪ್ನ, 1995ರಲ್ಲಿ ಗಾಂಧಿಬಜಾರಿನ ಅಂಕಿತ ಪುಸ್ತಕ ಬಂದವು. ಒಬ್ಬೊಬ್ಬರ ಹಟದಿಂದ ನಿಂತ ಅಂಗಡಿಗಳಿವು.

ದೊಡ್ಡ ಪೇಟೆಯಲ್ಲಿ ಇದ್ದರೆ ಚಿಂತೆಯಿಲ್ಲ ಎಂದಲ್ಲ. ಬೆಂಗಳೂರಿನ ಹೆಸರಾಂತ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ಬಾಗಿಲು ಹಾಕಿತು. ಓದುವ ಜನ ಬೇಕಾದಷ್ಟು ಇದ್ದ ನಗರದಲ್ಲೇ ಹೀಗೆ. ಬಾಡಿಗೆ ಏರುತ್ತದೆ, ಪುಸ್ತಕದ ಲಾಭ ಏರುವುದಿಲ್ಲ. ಈಗ ಮೊಬೈಲಿನಲ್ಲಿ ಒತ್ತಿದರೆ ಪುಸ್ತಕ ಮನೆಗೆ ಬರುತ್ತದೆ, ರಿಯಾಯತಿಯೂ ಸಿಗುತ್ತದೆ. ಆದರೆ ಯಾವ ಪುಸ್ತಕ ಬೇಕು ಎಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ಉಪಯೋಗ. ಗೊತ್ತಿಲ್ಲದವನಿಗೆ ಕಣ್ಣೆದುರು ಹರವಿದ ಪುಸ್ತಕ ಬೇಕು. ಕೈಯಲ್ಲಿ ಹಿಡಿದು ನಾಲ್ಕು ಪುಟ ತಿರುವಬೇಕು.

ನಮ್ಮ ಜಿಲ್ಲೆಯ ಮಾತು

ಬೀದರ ಜಿಲ್ಲೆಗೆ ಪುಸ್ತಕ ಹೊಸದಲ್ಲ. ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದಲ್ಲಿ 3000 ಹಸ್ತಪ್ರತಿಗಳ ಭಂಡಾರವಿತ್ತೆಂದು ಇತಿಹಾಸ ಹೇಳುತ್ತದೆ. ದೂರದೂರದ ಪಂಡಿತರು ಅಲ್ಲಿಗೆ ಬಂದರು. ಆದರೆ ಅದು ಪಂಡಿತರ ಪುಸ್ತಕ. ಹೊಲದಲ್ಲಿ ದುಡಿಯುವವನಿಗೆ, ಸಂತೆಗೆ ಬರುವವಳಿಗೆ ಅಲ್ಲ.

ಮುಂದೆ ನಿಜಾಮರ ಕಾಲ. ಕಚೇರಿಯಲ್ಲಿ ಉರ್ದು, ಸಾಲೆಯಲ್ಲಿ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಉರ್ದು ಮಾಧ್ಯಮ. ಧಾರವಾಡಕ್ಕೆ ಮರಾಠಿಯೊಂದೇ ಇತ್ತು, ಬೀದರಿಗೆ ಉರ್ದು ಮರಾಠಿ ಎರಡೂ. ಅಂಥ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರು. ಪಟ್ಟದ್ದೇವರು ಹುಟ್ಟಿದ್ದು ಕಮಲನಗರದಲ್ಲಿ. ಮೊದಲು ಔರಾದ ತಾಲೂಕಿನಲ್ಲಿದ್ದ ಆ ಊರು ಈಗ ಬೇರೆ ತಾಲೂಕು. 1999ರಲ್ಲಿ ಅವರು ಲಿಂಗೈಕ್ಯರಾದರು. ಗಳಗನಾಥರು ಓದುವ ಹವ್ಯಾಸ ಹಚ್ಚಿದರೆ, ಇಲ್ಲಿ ಪಟ್ಟದ್ದೇವರು ಓದಲು ಬೇಕಾದ ಅಕ್ಷರವನ್ನೇ ಕಾಪಾಡಬೇಕಾಯಿತು.

1956ರ ನವೆಂಬರ್ 1ರಂದು ಬೀದರ ಕನ್ನಡ ರಾಜ್ಯದಲ್ಲಿ ಸೇರಿತು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಬೀದರಿನಲ್ಲಿ ಮೂರು ಸಲ ಆಗಿದೆ. 1960ರಲ್ಲಿ, 1985ರಲ್ಲಿ, 2006ರಲ್ಲಿ. ಸಮ್ಮೇಳನ ಎಲ್ಲೇ ಆಗಲಿ, ವೇದಿಕೆಯ ಮುಂದೆ ಕುರ್ಚಿ ಖಾಲಿ ಇದ್ದರೂ ಪುಸ್ತಕದ ಮಳಿಗೆಗಳ ಮುಂದೆ ಜನ ಇರುತ್ತಾರೆ. ಅಂದರೆ ಕೊಳ್ಳುವವರು ಇದ್ದಾರೆ. ಪುಸ್ತಕ ಅವರ ಕಣ್ಣೆದುರು ಬಂದಾಗ ಕೊಳ್ಳುತ್ತಾರೆ. ಮೂರು ದಿನದ ಮೇಲೆ ಪೆಂಡಾಲು ಬಿಚ್ಚುತ್ತದೆ, ಪುಸ್ತಕದ ಲಾರಿ ಬೆಂಗಳೂರಿಗೆ ತಿರುಗಿ ಹೋಗುತ್ತದೆ. ಮುಂದೆ ವರ್ಷಗಟ್ಟಲೆ ಮತ್ತೆ ಗೈಡು, ನೋಟ್‌ಬುಕ್ಕು.

ಔರಾದಿಗೆ ರೈಲಿಲ್ಲ, ದೊಡ್ಡ ಪೇಟೆಯಿಲ್ಲ, ಮನೆಯಲ್ಲಿ ಮರಾಠಿ ಆಡುವವರೂ ಬಹಳ. ಇವೆಲ್ಲ ನಿಜ. ಹಾಗೆ ನೋಡಿದರೆ ಗಳಗನಾಥರ ಹಳ್ಳಿಗಳಿಗೆ ಬಸ್ಸೂ ಇರಲಿಲ್ಲ. ಇಲ್ಲಿ ಯಾರೂ ತಲೆಮೇಲೆ ಗಂಟು ಹೊರಬೇಕಾಗಿಲ್ಲ, ನೌಕರಿ ಬಿಡಬೇಕಾಗಿಲ್ಲ. ಗೈಡು ಮಾರುವ ಅಂಗಡಿಯಲ್ಲಿ ಮುಂದಿನ ಒಂದು ಹಲಗೆ ಖಾಲಿ ಮಾಡಿ ಹತ್ತು ಕನ್ನಡ ಪುಸ್ತಕ ಇಟ್ಟರೆ ಎಷ್ಟು ಬಂಡವಾಳ ಬೇಕು? ಎರಡು ಚೀಲ ಸಕ್ಕರೆಯಷ್ಟೂ ಬೇಡ. ಶಿವರಾತ್ರಿಗೆ ಅಮರೇಶ್ವರ ಜಾತ್ರೆಯಲ್ಲಿ ಬಳೆ, ಬತ್ತಾಸು, ಆಟಿಕೆ ಸಾಮಾನಿನ ನಡುವೆ ಒಂದು ತಾಡಪತ್ರಿ ಹಾಸಿ ಪುಸ್ತಕ ಹರವಿದರೆ ನಾಲ್ಕು ಮಂದಿ ಬಗ್ಗಿ ನೋಡದೆ ಹೋಗುವುದಿಲ್ಲ. ಮರಾಠಿ ಬಲ್ಲವರಿಗೆ ಮರಾಠಿಯಿಂದ ಬಂದ ಕನ್ನಡ ಪುಸ್ತಕವನ್ನೇ ಮೊದಲು ಇಡಬಹುದು. ಗಳಗನಾಥರು ಮಾಡಿದ್ದೂ ಅದೇ ಅಲ್ಲವೆ?

ಲಾಭ ಆಗದಿದ್ದರೆ? ಹತ್ತರಲ್ಲಿ ನಾಲ್ಕು ಉಳಿದರೆ ನಾಲ್ಕು ಪುಸ್ತಕದ ನಷ್ಟ. ಗಳಗನಾಥರು ಇಡೀ ಬಾಳನ್ನೇ ಈ ವ್ಯಾಪಾರಕ್ಕೆ ಹಾಕಿದರು, ಕೈಯಲ್ಲಿ ಏನೂ ಉಳಿಯಲಿಲ್ಲ. ಆದರೂ ಇವತ್ತು ಬೀದರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಯಾರಾದರೂ ಕನ್ನಡ ಕಾದಂಬರಿ ಓದುತ್ತಿದ್ದರೆ, ಆ ಓದುಗರನ್ನು ಮೊದಲು ಹುಡುಕಿಕೊಂಡು ಹೊರಟವರು ಅವರು. ಔರಾದಿನ ಅಂಗಡಿಕಾರರು ಮುಂದಿನ ಜೂನಿನಲ್ಲಿ ಗೈಡು ತರಲು ಹೋದಾಗ ಹತ್ತು ಕನ್ನಡ ಪುಸ್ತಕವನ್ನೂ ಗಂಟಿನಲ್ಲಿ ಕಟ್ಟಿಸಿಕೊಂಡು ಬರಲಿ. ತಲೆಮೇಲೆ ಹೊರುವ ಕಷ್ಟ ಬೇಡ, ಬಸ್ಸಿನ ಟಾಪಿನ ಮೇಲೆ ಹಾಕಿಸಿದರೂ ಸಾಕು.